ನೋಹನ ನಾವೆ ಎಷ್ಟು ಮೊಳ? ಮನೆಯಲ್ಲೇ ಕಲಿಸಲು ಹೊರಟ ಕ್ರೈಸ್ತ ಕುಟುಂಬಗಳಿಗೆ

ಜೂನ್ ಹತ್ತಿರ ಬಂದರೆ ಸಾಕು, ಭಾನುವಾರ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆಯುತ್ತಾರೆ. ‘ಅಕ್ಕಾ, ನೀವು ಮಕ್ಕಳನ್ನ ಶಾಲೆಗೆ ಕಳಿಸಲ್ವಂತೆ? ನಾವೂ ಹಾಗೇ ಮಾಡೋಣ ಅಂತ. ಎಲ್ಲಿಂದ ಶುರು ಮಾಡೋದು?’ ದನಿಯಲ್ಲಿ ಆಸೆಗಿಂತ ಹೆದರಿಕೆಯೇ ಜಾಸ್ತಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಕಲಿಸುತ್ತಾ ನನಗಿದು ಆರನೇ ವರ್ಷ. ಎಡವಿದ್ದೇ ಹೆಚ್ಚು.

ಮೊದಲು ಗಂಡ ಹೆಂಡತಿ ಕೂತು ಮಾತಾಡಿ

ಶಾಲೆಗೆ ಹೋದರೆ ಮಕ್ಕಳು ಕೆಟ್ಟುಹೋಗುತ್ತಾರೆ ಅನ್ನುವ ಭಯವೊಂದೇ ನಿಮ್ಮ ಕಾರಣವಾದರೆ ಆರು ತಿಂಗಳೂ ನಡೆಯದು. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸಬೇಕು ಅಂತ ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ. ಎಲ್ಲರೂ ಇದನ್ನೇ ಹೇಳುತ್ತಾರೆ. ಸರಿ, ದಾರಿಯಲ್ಲಿ ಜೊತೆಗೆ ನಡೆಯುವವರು ಯಾರು? ಅಪ್ಪ ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬಂದರೆ ಎಲ್ಲಾ ಅಮ್ಮನ ತಲೆಗೇ. ನಮ್ಮಲ್ಲಿ ಗಣಿತ ನಮ್ಮೆಜಮಾನರದ್ದು. ಶನಿವಾರವೂ ಪೂರ್ತಿ ಅವರದ್ದೇ. ಈ ಹಂಚಿಕೆ ಶುರುವಿನಲ್ಲೇ ಆಗಬೇಕು. ಅಮ್ಮ ಸುಸ್ತಾಗಿ ಬಿದ್ದ ಮೇಲೆ ಅಲ್ಲ.

ಆಮೇಲೆ ಕಾಗದಪತ್ರ

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅನ್ನುತ್ತದೆ. ಸೇರಿಸದ ಹೆತ್ತವರಿಗೆ ಶಿಕ್ಷೆ ಹೇಳಿಲ್ಲ. ಮನೆಯಲ್ಲೇ ಕಲಿಸುವುದರ ಮಾತನ್ನಂತೂ ಎತ್ತಿಯೇ ಇಲ್ಲ. ಹಾಗಾಗಿ ‘ಎಲ್ಲಾ ಲೀಗಲ್’ ಎಂದು ಎದೆ ತಟ್ಟುವವರನ್ನೂ ನಂಬಬೇಡಿ, ‘ಪೊಲೀಸ್ರು ಬರ್ತಾರೆ’ ಎಂದು ಹೆದರಿಸುವವರನ್ನೂ ನಂಬಬೇಡಿ. ಶಾಲೆ ಬಿಡಿಸುವಾಗ ಟಿಸಿ ತಗೊಳ್ಳಿ. ಅದನ್ನು ಜನನ ಪ್ರಮಾಣಪತ್ರ, ಆಧಾರ್ ಜೊತೆ ಒಂದೇ ಫೈಲಿನಲ್ಲಿಡಿ.

ಶಾಲೆಗೆ ಹೋಗದೆ ಹತ್ತನೇ ತರಗತಿ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಎಲ್ಲರ ಬಾಯಲ್ಲೂ ಅದು ಎನ್‌ಐಒಎಸ್. 14 ತುಂಬಿರಬೇಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವನ್ನೂ ತಗೊಳ್ಳಬಹುದು. ಪಾಸಾಗಲು ಶೇ 33 ಅಂಕ. ವರ್ಷಕ್ಕೆರಡು ಸಲ ಪರೀಕ್ಷೆ. ನೋಂದಣಿ 5 ವರ್ಷ ಚಾಲ್ತಿಯಲ್ಲಿರುತ್ತದೆ. ಅಂದರೆ ಈ ಸಲ ಎರಡು ವಿಷಯ ಬರೆದು, ಉಳಿದ ಮೂರನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು. ಮುಂದೆ ಯಾವ ಕಾಲೇಜು ಅಂತ ಮನಸ್ಸಿನಲ್ಲಿದ್ದರೆ ಈಗಲೇ ಅಲ್ಲಿಗೆ ಹೋಗಿ, ಏನೇನು ದಾಖಲೆ ಬೇಕು ಅಂತ ಕೇಳಿಕೊಂಡು ಬನ್ನಿ.

ಗಂಟೆ ಹೊಡೆಯಬೇಡಿ

ನಾನು ನಿಜಕ್ಕೂ ಒಂದು ಹಿತ್ತಾಳೆ ಗಂಟೆ ಕೊಂಡಿದ್ದೆ. ಕರಿಹಲಗೆ, ಟೈಮ್‌ಟೇಬಲ್, ಎಂಟು ಪೀರಿಯಡ್ಡು, ಎಲ್ಲಾ ಇತ್ತು. ಮೂರನೇ ವಾರ ಗಂಟೆ ಹೊಡೆದರೆ ಮಗ ಮಂಚದಡಿ ಸೇರಿಕೊಂಡ. ಒಂದು ತಿಂಗಳು ಎಲ್ಲಾ ನಿಲ್ಲಿಸಿದೆವು. ಆಮೇಲೆ ಉಳಿದಿದ್ದು ಇಷ್ಟು: ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಹಾಡು, ಚಿಕ್ಕ ಪ್ರಾರ್ಥನೆ. ತಿಂಡಿಯಾದ ಮೇಲೆ ಗಣಿತ ಮತ್ತು ಓದು ಬರಹ, ಎರಡೇ ಗಂಟೆ. ಸಣ್ಣ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಮೇಜು ಕುರ್ಚಿ ಬೇಡ.

ಮಿಕ್ಕ ಪಾಠ ಹೇಗೆ ಬರುತ್ತದೆ ಅಂತೀರಾ? ಒಂದು ದಿನ ಆದಿಕಾಂಡ ಓದುತ್ತಿದ್ದೆವು. ನೋಹನ ನಾವೆಯ ಉದ್ದ 300 ಮೊಳ, ಅಗಲ 50, ಎತ್ತರ 30. ‘ಮೊಳ ಅಂದ್ರೆ ಹೂ ಅಳೀತಾರಲ್ಲ, ಅದೇನಾ?’ ಅಂದಳು ಮಗಳು. ಟೇಪು ತಂದೆವು. ಅವಳ ಮೊಣಕೈಯಿಂದ ಬೆರಳ ತುದಿಗೆ 34 ಸೆಂಟಿಮೀಟರ್, ಅವರಪ್ಪನದು 46. ಸಂಜೆ ಹೂವಿನ ಅಜ್ಜಿಯ ಮೊಳವನ್ನೂ ಅಳೆದಳು. ಅದು ಅಪ್ಪನದಕ್ಕಿಂತ ಎಷ್ಟು ಗಿಡ್ಡ ಅಂತ ಇಲ್ಲಿ ಬರೆದರೆ ನಾಳೆ ನನಗೆ ಮಲ್ಲಿಗೆ ಸಿಗಲ್ಲ! ಅವಳ ಮೊಳದಲ್ಲಿ ನಾವೆ 102 ಮೀಟರ್, ಅಪ್ಪನ ಮೊಳದಲ್ಲಿ 138. ರಸ್ತೆಯಲ್ಲಿ ಹೆಜ್ಜೆ ಹಾಕಿ ನೋಡಿದೆವು. ನಮ್ಮ ಗೇಟಿನಿಂದ ಹಾಲಿನ ಬೂತ್ ದಾಟಿತು. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅಂತ ನಾನು ಹೇಳಿಕೊಡಬೇಕಾಗಲೇ ಇಲ್ಲ. ಅಜ್ಜಿಯ ಹತ್ತಿರ ಅವಳೇ ಜಗಳಕ್ಕೆ ನಿಂತಿದ್ದಳು.

ಸತ್ಯವೇದ ಬೆತ್ತವಲ್ಲ

ಇದು ನನ್ನದೇ ತಪ್ಪು. ತಂಗಿಗೆ ಹೊಡೆದ ಅಂತ ಮಗನಿಂದ ಬೈಬಲಿನ ಜ್ಞಾನೋಕ್ತಿಯ ಒಂದು ವಾಕ್ಯವನ್ನು ಇಪ್ಪತ್ತು ಸಲ ಬರೆಸಿದೆ. ಬರೆದ, ಚೆನ್ನಾಗಿಯೇ ಬರೆದ. ಆಮೇಲೆ ಎಷ್ಟೋ ದಿನ ಪ್ರಾರ್ಥನೆಯಲ್ಲಿ ಜ್ಞಾನೋಕ್ತಿ ತೆರೆದರೆ ಅವನ ಮುಖ ಬಿಗಿಯುತ್ತಿತ್ತು. ಶಿಕ್ಷೆ ಕೊಡಲೇಬೇಕಾದರೆ ಪಾತ್ರೆ ತೊಳೆಸಿ.

ಅಮೆರಿಕದಿಂದ ಬರುವ ಕ್ರೈಸ್ತ ಪಠ್ಯಪುಸ್ತಕಗಳ ಬಗ್ಗೆಯೂ ಕೇಳುತ್ತಾರೆ. ಬಣ್ಣ ಬಣ್ಣದ ಹಾಳೆ, ಒಳ್ಳೆಯ ಚಿತ್ರ. ಆದರೆ ಲೆಕ್ಕವೆಲ್ಲ ಡಾಲರಿನಲ್ಲಿ, ಚರಿತ್ರೆಯೆಲ್ಲ ಅಲ್ಲಿನದು. ಓದಿಸಲು ಒಂದೆರಡು ಇರಲಿ, ಅದೇ ಅಡಿಪಾಯ ಬೇಡ. ನಮ್ಮಲ್ಲೇ ಎಷ್ಟಿದೆ! ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದ್ದು. ಕಿಟೆಲ್ ಪ್ರತಿಮೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲೇ ಇದೆ. ಬಸ್ಸು ಹತ್ತಿ ಹೋದರೆ ಒಂದು ದಿನದ ಪಾಠ ಆಯಿತು.

ವಿಜ್ಞಾನದಲ್ಲಿ ಮಾತ್ರ ‘ಇದು ಬೇಡ, ಅದು ಬೇಡ’ ಅಂತ ಹಾಳೆ ಮಗುಚಬೇಡಿ. ಪೂರ್ತಿ ಓದಿಸಿ, ನಿಮ್ಮ ನಂಬಿಕೆಯನ್ನು ಪಕ್ಕದಲ್ಲಿ ಕೂತು ಹೇಳಿ. ಸ್ನೇಹಿತರ ವಿಷಯವೂ ಅಷ್ಟೇ. ಸಂಡೇ ಸ್ಕೂಲಿನ ಮಕ್ಕಳಷ್ಟೇ ಸಾಲದು, ಬೀದಿಯ ಕ್ರಿಕೆಟ್ಟೂ ಬೇಕು.

ಇಷ್ಟಾಗಿಯೂ ಸರಿಬರದಿದ್ದರೆ? ವಾಪಸು ಸೇರಿಸಿ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಮ್ಮ ಸಭೆಯ ಒಂದು ಕುಟುಂಬ ಎರಡನೇ ವರ್ಷ ಹಾಗೇ ಮಾಡಿತು. ಆ ಹುಡುಗಿ ಈಗಲೂ ಶುಕ್ರವಾರ ಸಂಜೆ ಟೇಪು ಹುಡುಕಿಕೊಂಡು ನಮ್ಮನೆಗೆ ಬರುತ್ತಾಳೆ.