ಮೂರು ಎಂಜಿನ್ ಬಿಚ್ಚಿ ಒಂದು ಕಟ್ಟಿದೆ

261ರ ಬ್ಲಾಕ್ ಮೇಲೆ 235ರ ಹೆಡ್ ಕೂರಿಸಬೇಡ, ಕುದಿಯುತ್ತೆ ಅಂತ ಹಳೆಯ ಶೆವ್ರೊಲೆ ಸಿಕ್ಸ್ (ಆರು ಸಿಲಿಂಡರ್ ಎಂಜಿನ್) ಕಟ್ಟುವ ಪರಿಚಯದವರೆಲ್ಲ ಹೇಳಿದ್ದರು. 216, 235, 261 ಅಂದರೆ ಈ ಎಂಜಿನ್‌ಗಳ ಗಾತ್ರ, ಘನ ಇಂಚಿನಲ್ಲಿ. ಬ್ಲಾಕ್ ಅಂದರೆ ಸಿಲಿಂಡರ್‌ಗಳಿರುವ ಕೆಳಭಾಗ, ಹೆಡ್ ಅದರ ಮೇಲಿನ ಮುಚ್ಚಳ. ನನ್ನದು ಈಗ ಹೆಚ್ಚು ಕಡಿಮೆ 9,000 ಕಿಲೋಮೀಟರ್ ಓಡಿದೆ. ಘಾಟಿ ಹತ್ತುವಾಗಲೂ ಟೆಂಪರೇಚರ್ ಮುಳ್ಳು ನಡು ಬಿಟ್ಟು ಮೇಲೇರಿಲ್ಲ.

ಕಾರಿನ ಮೂಲ ಎಂಜಿನ್ 216. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್‌ಗಳಿಗೆ ಬ್ಯಾಬಿಟ್ (ಬೇರಿಂಗಿನ ಮೆತ್ತನೆ ಲೋಹ) ಮತ್ತೆ ಎರೆಸೋಕೆ ಕೇಳಿದ ದುಡ್ಡಿಗೆ ಕೆಟ್ಟು ನಿಂತ 235 ಎರಡು ಬರುತ್ತಿದ್ದವು. ಹಾಗಾಗಿ ಅದನ್ನು ಬಿಟ್ಟೆ. 261 ಬೇಕಾದರೆ ಕಾರು ಹುಡುಕಬೇಡಿ, 1954ರಿಂದ 1962ರೊಳಗಿನ ಲಾರಿ ಹುಡುಕಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ ಅಳೆಯಿರಿ, 3.75 ಇಂಚು ಇರಬೇಕು. 235ರದ್ದು 3.56.

ಮೊದಲ 261 ಕೈಕೊಟ್ಟಿತು. ಸಿಲಿಂಡರ್ ಬೋರ್ ಮಾಡಿಸಿ, ಹೋನ್ ಮಾಡಿಸಿ (ಒಳಮೈ ಉಜ್ಜಿ ನಯ ಮಾಡಿಸಿ), ಆಮೇಲೆ ಪ್ರೆಷರ್ ಟೆಸ್ಟ್‌ಗೆ ಹಾಕಿದೆ. ಬ್ಲಾಕಿನ ಪಕ್ಕ ಸಣ್ಣಗೆ ಬೆವರಿತು. ಬಿರುಕು. ಒಟ್ಟು ಖರ್ಚಿನ ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಈಗ ಟೆಸ್ಟ್ ಆಗದ ಬ್ಲಾಕಿಗೆ ಒಂದು ಕಾಸೂ ಹಾಕುವುದಿಲ್ಲ.

ಎರಡನೇ ಬ್ಲಾಕ್ ಚೆನ್ನಾಗಿತ್ತು, ಆದರೆ ಅದರ ಹೆಡ್ ಸೀಳಿತ್ತು. 235ರ ಹೆಡ್ ಇತ್ತು, ಕೂರಿಸಿದೆ. 200 ಕಿಲೋಮೀಟರಿಗೆ ಹೆಡ್, ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹೋಯಿತು. ತಪ್ಪು ನನ್ನದೇ. 261ರಲ್ಲಿ ಸಿಲಿಂಡರ್‌ಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿವೆ, ಅವುಗಳ ನಡುವೆ ನೀರು ಸುತ್ತಲು ಜಾಗ ಇಲ್ಲ, ಅದಕ್ಕೇ ಅಲ್ಲಿ ಹಬೆ ಮೇಲೆ ಹೋಗಲು ಸಣ್ಣ ತೂತುಗಳಿವೆ, 235ರ ಹೆಡ್‌ನಲ್ಲಿ ಅವಿಲ್ಲ. 261ರ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ಹೆಡ್‌ಗೆ ತೂತು ಕೊರೆದೆ. ಅಷ್ಟೇ. ಯಾವ ಓರೆ, ಎಷ್ಟು ಆಳ ಅಂತ ಬರೆಯಲ್ಲ. ಒಂದು ಕೆಟ್ಟ ಹೆಡ್ ಅಡ್ಡಕ್ಕೆ ಕೊಯ್ದು ನೋಡಿ, ನಿಮಗೇ ತಿಳಿಯುತ್ತದೆ.

ರಾಡ್‌ಗಳು ಎರಡು ಎಂಜಿನ್‌ಗಳವು. ತೂಕ ಇಪ್ಪತ್ತು ಗ್ರಾಂ ಮೇಲೆ ಕೆಳಗೆ ಇತ್ತು. ದೊಡ್ಡ ತುದಿ, ಸಣ್ಣ ತುದಿ ಬೇರೆ ಬೇರೆ ತೂಗಿ ಎಲ್ಲವನ್ನೂ ಎರಡು ಗ್ರಾಂ ಒಳಗೆ ತಂದೆ. ಮೂರು ಸಂಜೆ ಹಿಡಿಯಿತು, ದುಡ್ಡು ಏನೂ ಇಲ್ಲ. ಈಗ ನಿಂತಲ್ಲಿ ಓಡುವಾಗ ರೇಡಿಯೇಟರ್ ಮೇಲೆ ನಾಣ್ಯ ಲಂಬ ನಿಲ್ಲಿಸಿದರೆ ನಿಲ್ಲುತ್ತದೆ, ಎಷ್ಟೋ ಜನ ಬಂದು ನೋಡಿ ಹೋಗಿದ್ದಾರೆ.

ಕ್ಯಾಮ್ (ವಾಲ್ವ್ ತೆರೆಸುವ ದಂಡ) ಆರಿಸುವಾಗ ಲಿಫ್ಟರ್, ಅಂದರೆ ಅದರ ಮೇಲೆ ಕೂತು ಏರಿಳಿಯುವ ತುಂಡು, ನೋಡಿಕೊಳ್ಳಿ. ಆಟೊಮ್ಯಾಟಿಕ್ ಗೇರ್ ಕಾರಿನದ್ದು ಹೈಡ್ರಾಲಿಕ್, ಲಾರಿಯದ್ದು ಸಾಲಿಡ್. ಬೆರೆಸಿದರೆ ಟಕಟಕ ನಿಲ್ಲಲ್ಲ. 1955ರಿಂದ ಈಚಿನ ವಾಟರ್ ಪಂಪ್ ಕೂಡ ಉದ್ದ ಜಾಸ್ತಿ, ಹಳೆಯ ಕಾರಿನಲ್ಲಿ ಫ್ಯಾನ್ ಹೋಗಿ ರೇಡಿಯೇಟರಿಗೆ ಬಡಿಯುತ್ತದೆ. ಹಳೆಯ ಗಿಡ್ಡ ಪಂಪ್, ನಡುವೆ ಒಂದು ಅಡಾಪ್ಟರ್ ಪ್ಲೇಟ್ ಹಾಕಿದೆ.

ಮಧ್ಯೆ ಒಂದು ಆಸೆ ಬಂತು. 1953ರ ಕಾರ್ವೆಟ್‌ನಲ್ಲಿ ಇದೇ 235ಕ್ಕೆ ಮೂರು ಕಾರ್ಬ್ಯುರೇಟರ್ ಇತ್ತು ಅಲ್ವಾ, ನಾನು ಎರಡಾದರೂ ಹಾಕೋಣ ಅಂದುಕೊಂಡೆ. ಹಾಕಿದೆ. ಸದ್ದು ಸೊಗಸಾಗಿತ್ತು. ಆದರೆ ನಾನು ತಂದ ಮ್ಯಾನಿಫೋಲ್ಡ್‌ಗೆ (ಕಾರ್ಬ್ಯುರೇಟರಿಂದ ಎಂಜಿನ್ನಿಗೆ ಹೋಗುವ ಕೊಳವೆಗೆ) ಎಕ್ಸಾಸ್ಟ್ ಬಿಸಿ ಸಿಗುತ್ತಿರಲಿಲ್ಲ, ಬೆಳಗ್ಗೆ ಹತ್ತು ನಿಮಿಷ ಕೆಮ್ಮುತ್ತಿತ್ತು. ತಿಂಗಳಿಗೆ ತೆಗೆದು ಮಾರಿದೆ, ಹಾಕಿದ ದುಡ್ಡು ವಾಪಸ್ ಬಂತು.

ಉಳಿದ ಬಿಡಿಭಾಗ ಮಾರಿ ಸುಮಾರು ಅರ್ಧ ಖರ್ಚು ಎತ್ತಿದ್ದೇನೆ. 235ರ ಬ್ಲಾಕ್ ಮಾತ್ರ ಕೊಟ್ಟಿಲ್ಲ. ಎರಡನೇ ಸಿಲಿಂಡರಿಗೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿದರೆ ಅದೂ ಎದ್ದು ನಿಲ್ಲುತ್ತದೆ. ಪಿಸ್ಟನ್ ಸೆಟ್ ಆಗಲೇ ಸಿಕ್ಕಿದೆ.