ಜಾತ್ರೆಗೆ ಹೊರಡುವ ಹಿಂದಿನ ರಾತ್ರಿ ಅಕ್ಕಿ ರೊಟ್ಟಿ

ನಮ್ಮ ಮನೆಯಲ್ಲಿ ಅಡುಗೆ ಜಾಸ್ತಿ ಹಾಳಾಗುತ್ತಿದ್ದದ್ದು ಜಾತ್ರೆಗೆ ಹೋದ ದಿನ. ಇದು ನನ್ನ ತಲೆಗೆ ಹೊಳೆಯಲು ಮದುವೆಯಾಗಿ 8 ವರ್ಷ ಬೇಕಾಯಿತು. ಅಲ್ಲಿಯವರೆಗೂ ತಪ್ಪೆಲ್ಲ ನಮ್ಮ ಹಳೇ ಫ್ರಿಡ್ಜಿನದು ಅಂದುಕೊಂಡಿದ್ದೆ.

ಆಗುತ್ತಿದ್ದದ್ದು ಇಷ್ಟು. ಸಂಜೆ ಸುಸ್ತಾಗಿ ಬಂದ ಮೇಲೆ ಒಲೆ ಮುಂದೆ ಯಾರು ನಿಲ್ಲುತ್ತಾರೆ ಅಂತ ಬೆಳಿಗ್ಗೆ 5 ಗಂಟೆಗೇ ಎದ್ದು ಸಾರು, ಪಲ್ಯ, ಅನ್ನ ಎಲ್ಲ ಮಾಡಿಟ್ಟು ಹೊರಡುತ್ತಿದ್ದೆ. ವಾಪಸು ಬಂದರೆ ಯಾರ ಹೊಟ್ಟೆಯಲ್ಲೂ ಜಾಗ ಇರುತ್ತಿರಲಿಲ್ಲ. ಮಕ್ಕಳು ಬಜ್ಜಿ, ಚುರುಮುರಿ, ಐಸ್‌ಕ್ರೀಮ್ ತಿಂದು ದಾರಿಯಲ್ಲೇ ತೂಕಡಿಸುತ್ತಿದ್ದರು. ನಮ್ಮನೆಯವರು "ಒಂದು ಲೋಟ ಮಜ್ಜಿಗೆ ಕೊಡು, ಸಾಕು" ಅನ್ನುತ್ತಿದ್ದರು. ನಾನೂ ಕಾಲು ಚಾಚಿ ಕೂತುಬಿಟ್ಟರೆ ಪಾತ್ರೆಗಳನ್ನು ಎತ್ತಿ ಫ್ರಿಡ್ಜಿಗೆ ಇಡುವ ಮನಸ್ಸೂ ಬರುತ್ತಿರಲಿಲ್ಲ. ಮರುದಿನ ಮುಚ್ಚಳ ತೆಗೆದರೆ ಸಾರಿನ ಮೇಲೆ ನೊರೆ, ಅನ್ನ ಅಂಟಂಟು.

ನಮ್ಮ ಅತ್ತೆ ಪಾಂಡವಪುರದ ಕಡೆಯವರು. ಒಂದು ಅಗುಳು ಚೆಲ್ಲಿದರೂ ಸಂಕಟಪಡುತ್ತಾರೆ. ಒಂದು ದಿನ ಕೇಳಿಯೇಬಿಟ್ಟರು: "ಅಷ್ಟೊಂದ್ ಯಾಕವ್ವ ಬೇಯ್ಸಿದ್ದೆ? ಜಾತ್ರೆಗ್ ಹೋದೋರು ಮನೇಗ್ ಬಂದು ಉಂಡಾರಾ?" ಸಿಟ್ಟು ಬಂತು. ಆದರೆ ಮಾತು ನಿಜ, ಅಲ್ವಾ?

ಮೈಸೂರಿನಲ್ಲಿ ಇರುವವರಿಗೆ ಇಂಥ ದಿನಗಳು ಕಡಿಮೆ ಏನಲ್ಲ. ದಸರಾ ಬಂದರೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ. ಅದು ದಸರಾ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತದೆ. ಡೆಲ್ಲಿ ಹಪ್ಪಳ ತಿನ್ನಬೇಕು ಅಂತ ನಮ್ಮ ಮಕ್ಕಳು ಮೂರು ಸಲವಾದರೂ ಎಳೆದುಕೊಂಡು ಹೋಗುತ್ತಾರೆ. ಜನವರಿ ಆಸುಪಾಸಿನಲ್ಲಿ ಸುತ್ತೂರು ಜಾತ್ರೆ. ಅಲ್ಲಿ ದಾಸೋಹ ಇರುತ್ತದೆ, ಬಂದವರಿಗೆಲ್ಲ ಊಟ. ಆ ದಿನ ಮನೆಯಲ್ಲಿ ಒಲೆ ಹಚ್ಚುವುದೇ ದಂಡ. ಬೇಸಿಗೆ ಕಾಲಿಟ್ಟ ಮೇಲೆ ಮೇಲುಕೋಟೆ ವೈರಮುಡಿ, ಅದರ ಬೆನ್ನಿಗೇ ನಂಜನಗೂಡಿನ ದೊಡ್ಡ ಜಾತ್ರೆ. ಇದರ ನಡುವೆ ಅತ್ತೆಯ ಊರಿನ ಹಬ್ಬ ಬೇರೆ.

ಈಗ ನಾನು ಹೊರಡುವ ದಿನ ಮನೆಗೆ ಅಂತ ಏನೂ ಬೇಯಿಸುವುದಿಲ್ಲ. ಹಿಂದಿನ ರಾತ್ರಿ ಫ್ರಿಡ್ಜ್ ಖಾಲಿ ಮಾಡುತ್ತೇನೆ. ಅದಕ್ಕೆ ಅಕ್ಕಿ ರೊಟ್ಟಿಗಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಎರಡು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ಉಳಿದ ಅನ್ನ ಹಾಕಿ ಕೈಯಲ್ಲೇ ನುಣ್ಣಗೆ ಕಿವುಚುತ್ತೇನೆ. ಬಾಡಿದ ಕ್ಯಾರೆಟ್ ತುರಿ, ಅರ್ಧ ಕಟ್ಟು ಸಬ್ಬಸಿಗೆ ಸೊಪ್ಪು, ಮಧ್ಯಾಹ್ನದ ಎಲೆಕೋಸಿನ ಪಲ್ಯ, ಒಂದು ಹಿಡಿ ಕೋಸಂಬರಿ, ಏನಿದ್ದರೂ ಅದರೊಳಗೆ. ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಹೇಗೂ ಇದ್ದೇ ಇರುತ್ತವೆ. ಮೊದಲ ಸಲ ಮಾಡಿದಾಗ ಹಿಟ್ಟಿಗೆ ಎಂದಿನ ಹಾಗೆ ನೀರು ಹಾಕಿ ಕಲಸಿದ್ದೆ. ಅನ್ನ, ಪಲ್ಯ ಎರಡೂ ನೀರು ಬಿಟ್ಟು ಹಿಟ್ಟು ಗಂಜಿಯಾಯಿತು. ಬಾಣಲೆಗೆ ತಟ್ಟಲು ಆಗಲಿಲ್ಲ, ಸೌಟಿನಲ್ಲಿ ಹುಯ್ದೆ. ಮಗ ಅದನ್ನು "ರೊದೋಸೆ" ಅಂದ. ಈಗ ಮೊದಲು ನೀರಿಲ್ಲದೆ ಕಲಸಿ 10 ನಿಮಿಷ ಬಿಡುತ್ತೇನೆ. ಆಮೇಲೂ ಗಟ್ಟಿ ಅನ್ನಿಸಿದರೆ ನೀರಿನ ಬದಲು ಉಳಿದ ಸಾರನ್ನೇ ಚಿಮುಕಿಸುತ್ತೇನೆ. ಪಲ್ಯ, ಸಾರಿನಲ್ಲಿ ಆಗಲೇ ಉಪ್ಪಿರುವುದರಿಂದ ಹಿಟ್ಟಿಗೆ ಅರ್ಧ ಉಪ್ಪು ಸಾಕು. ಬೀಟ್‌ರೂಟ್ ಪಲ್ಯ ಹಾಕಿದರೆ ರೊಟ್ಟಿ ಗುಲಾಬಿ ಬಣ್ಣಕ್ಕೆ ಬರುತ್ತದೆ, ಮಕ್ಕಳಿಗೆ ಖುಷಿ. ಹಾಗಲಕಾಯಿ ಪಲ್ಯ ಮಾತ್ರ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ.

ಹುಳಿ ಬಂದ ದೋಸೆ ಹಿಟ್ಟಿದ್ದರೆ ಈರುಳ್ಳಿ ಹೆಚ್ಚಿ ಹಾಕಿ ಪಡ್ಡು. ಹುಳಿ ಮೊಸರಿದ್ದರೆ ಮಜ್ಜಿಗೆ ಹುಳಿ. ಇವು ಎಲ್ಲರಿಗೂ ಗೊತ್ತಿರುವುದೇ. ಇದರ ಜೊತೆ ನಾನು ಬದಲಾಯಿಸಿದ್ದು ತರಕಾರಿ ತರುವ ದಿನ. ಮೊದಲು ಶನಿವಾರ ದೇವರಾಜ ಮಾರ್ಕೆಟ್‌ನಿಂದ ಚೀಲ ತುಂಬಿ ತಂದು, ಭಾನುವಾರ ಜಾತ್ರೆಗೆ ಹೋಗುತ್ತಿದ್ದೆ. ಸೊಪ್ಪು ಮನೆಯಲ್ಲೇ ಹಣ್ಣಾಗುತ್ತಿತ್ತು. ಈಗ ಜಾತ್ರೆ ಮುಗಿಸಿ ಬಂದ ಮೇಲೆಯೇ ಮಾರ್ಕೆಟ್.

ರಾತ್ರಿ ಯಾರಿಗಾದರೂ ಹಸಿವಾದರೆ? ಈ ಭಯ ನನಗೂ ಇತ್ತು. ಮಜ್ಜಿಗೆ ಇರುತ್ತದೆ, ರವೆ ಹುರಿದು ಇಟ್ಟಿರುತ್ತೇನೆ, 10 ನಿಮಿಷಕ್ಕೆ ಉಪ್ಪಿಟ್ಟಾಗುತ್ತದೆ. ಇಷ್ಟು ದಿನದಲ್ಲಿ ಹಾಗೆ ಉಪ್ಪಿಟ್ಟು ಮಾಡಿದ್ದು ಎರಡೇ ಸಲ.

ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗುವ ವಿಷಯದಲ್ಲಿ ನಾನು ಕಲಿತದ್ದು ಸ್ವಲ್ಪ ಕಷ್ಟಪಟ್ಟು. ನಾಲ್ಕು ವರ್ಷದ ಹಿಂದಿನ ಮಾತು, ನಂಜನಗೂಡು ತೇರಿನ ದಿನ. ಅಲ್ಲಿ ಐದು ತೇರು ಎಳೆಯುತ್ತಾರೆ. ಎಲ್ಲಕ್ಕಿಂತ ದೊಡ್ಡದು ಶ್ರೀಕಂಠೇಶ್ವರನ ಗೌತಮ ರಥ. ತೇರು ಬೆಳಗಿನ ಹೊತ್ತಿಗೇ ಹೊರಡುವುದರಿಂದ ನಾವು ಕತ್ತಲಲ್ಲೇ ಮನೆ ಬಿಟ್ಟಿದ್ದೆವು. ನಿಂಬೆಹಣ್ಣಿನ ಚಿತ್ರಾನ್ನ ಮಾಡಿ, ಹೊಗೆಯಾಡುವಾಗಲೇ ದೊಡ್ಡ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಟವೆಲ್ ಸುತ್ತಿದ್ದೆ. 11 ಗಂಟೆಗೆ ಕಪಿಲೆಯ ದಡದಲ್ಲಿ ಕೂತು ಅರ್ಧ ತಿಂದೆವು. ಉಳಿದರ್ಧ ಬಿಸಿಲಿನಲ್ಲಿ ಚೀಲದೊಳಗೇ ತಿರುಗಿ ಸಂಜೆ 7ಕ್ಕೆ ಮನೆಗೆ ಬಂತು. ವಾಸನೆ ಇರಲಿಲ್ಲ. ಎಸೆಯಲು ಮನಸ್ಸಾಗದೆ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಮಗನಿಗೆ ಹಾಕಿದೆ. ರಾತ್ರಿ 10ಕ್ಕೆ ವಾಂತಿ ಶುರು.

ಡಾಕ್ಟರ್ ಮೊದಲು ಕೇಳಿದ್ದೇ "ಅನ್ನ ಏನಾದರೂ ಇಟ್ಟು ಕೊಟ್ಟಿದ್ರಾ?" ಅಂತ. ಆಮೇಲೆ ಸಮಾಧಾನವಾಗಿ ವಿವರಿಸಿದರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜದಂಥ ಕಣಗಳು ಇರುತ್ತವಂತೆ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನನಗೆ ಆಶ್ಚರ್ಯವಾದದ್ದು ಈ ಕೊನೇ ಮಾತು. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೇ ನಾನು ಅಡುಗೆ ಕಲಿತವಳು. ಟವೆಲ್ ಸುತ್ತಿ ಬೆಚ್ಚಗಿಟ್ಟದ್ದೇ ನಾನು ಮಾಡಿದ ದೊಡ್ಡ ತಪ್ಪು.

ಮನೆಗೆ ಬಂದು ಹೇಳಿದಾಗ ಅತ್ತೆ ಒಪ್ಪಲಿಲ್ಲ. "ನಾವು ತಂಗಳು ಉಂಡ್ಕೊಂಡೇ ಗದ್ದೆ ಗೇದಿದ್ದು" ಅಂದರು. ಅದೂ ಸುಳ್ಳಲ್ಲ. ಆದರೆ ಅವರು ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಹಾಕಿಡುತ್ತಿದ್ದರು. ಹುಳಿ ಇದ್ದ ಕಡೆ ಈ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಪುಳಿಯೋಗರೆ ಪ್ರಯಾಣಕ್ಕೆ ಆಗಿಬರುವುದೂ ಹುಣಸೆಹಣ್ಣು, ಉಪ್ಪು, ಎಣ್ಣೆ ಜೋರಾಗಿ ಇರುವುದರಿಂದಲೇ. ನನ್ನ ಚಿತ್ರಾನ್ನಕ್ಕೆ ನಿಂಬೆಹಣ್ಣು ಬಿದ್ದದ್ದು ಒಂದೇ ಒಂದು, ಅದೂ ಮಕ್ಕಳಿಗೆ ಹುಳಿಯಾಗಬಾರದು ಅಂತ.

ಅಂದಿನಿಂದ ನಮ್ಮ ಜಾತ್ರೆ ಬುತ್ತಿ ಗೊಜ್ಜವಲಕ್ಕಿ. ಇದನ್ನು ಹೇಳಿಕೊಟ್ಟವರು ಪಕ್ಕದ ಮನೆಯ ಆಂಟಿ. ಅವರು ಮನೆಯಲ್ಲೇ ಕಲಸಿ ಒಯ್ಯುತ್ತಾರೆ, ನಾನು ಕಲಸದೆ ಒಯ್ಯುತ್ತೇನೆ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಗಿಂತ ಸ್ವಲ್ಪ ದಪ್ಪಗೆ, ತರಿತರಿಯಾಗಿ ಮಾಡಿ ಒಂದು ಡಬ್ಬಿಗೆ. ಹುಣಸೆ ರಸಕ್ಕೆ ಬೆಲ್ಲ, ಸಾರಿನ ಪುಡಿ, ಉಪ್ಪು, ಅರಿಶಿನ ಹಾಕಿ ಗಟ್ಟಿಯಾಗುವ ತನಕ ಕುದಿಸಿ, ಆರಿಸಿ ಬಾಟಲಿಗೆ. ಕಡಲೆಕಾಯಿ ಬೀಜ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಇನ್ನೊಂದು ಪುಟ್ಟ ಡಬ್ಬಿಗೆ. ಹಸಿವಾದಾಗ ಗೊಜ್ಜಿಗೆ ಕುಡಿಯುವ ನೀರು ಬೆರೆಸಿ ಅವಲಕ್ಕಿಗೆ ಹಾಕಿ ಕಾಲು ಗಂಟೆ ಮುಚ್ಚಿಟ್ಟರೆ ಅರಳುತ್ತದೆ. ಒಗ್ಗರಣೆ ಸುರಿದು ತಿನ್ನುವುದು. ನಾಲ್ಕು ಜನಕ್ಕೆ ಎರಡು ಲೋಟ ಅವಲಕ್ಕಿ ಧಾರಾಳ. ಮಕ್ಕಳು ಬಜ್ಜಿ ಅಂಗಡಿ ಮುಂದೆಯೇ ಹೊಟ್ಟೆ ತುಂಬಿಸಿಕೊಂಡರೆ ಅರ್ಧ ಮಾತ್ರ ಕಲಸುತ್ತೇನೆ. ಕಲಸದ ಅವಲಕ್ಕಿ ಹಾಗೇ ಮನೆಗೆ ಬರುತ್ತದೆ, ಮರುದಿನದ ತಿಂಡಿ ಅದೇ.

ಇದು ಹೋಗುವಾಗಿನ ಮಾತು. ಬರುವಾಗ ಜಾತ್ರೆಯೇ ಮನೆಗೆ ಬರುತ್ತದಲ್ಲ, ಅದನ್ನು ಏನು ಮಾಡುವುದು?

ನಂಜನಗೂಡಿನಲ್ಲಿ ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಬಾಳೆಹಣ್ಣಿಗೆ ಜವನದ ಕಡ್ಡಿ ಸಿಕ್ಕಿಸಿ ರಥದ ಮೇಲೆ ಎಸೆಯುವುದು. ಆ ನೂಕುನುಗ್ಗಲಿನಲ್ಲಿ ಕೈ ಎತ್ತಿ ಎರಡು ಹಣ್ಣು ಎಸೆದರೆ ಹೆಚ್ಚು. ಡಜನ್ ಕೊಂಡಿರುತ್ತೇವೆ, ಉಳಿದವು ಜಜ್ಜಿಹೋಗಿ ಚೀಲದಲ್ಲಿ ಬರುತ್ತವೆ. ಅವುಗಳನ್ನು ಮರುದಿನ ಬೆಳಿಗ್ಗೆಯೇ ಹಲ್ವ ಮಾಡಿಬಿಡುತ್ತೇನೆ. ಆರು ಹಣ್ಣು ಕಿವುಚಿ, ಎರಡು ಚಮಚ ತುಪ್ಪದಲ್ಲಿ ಬಣ್ಣ ತಿರುಗುವವರೆಗೆ ಬಾಡಿಸಿ, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ ಹಾಕಿ, ತಳ ಬಿಡುವ ತನಕ ಕೈ ಬಿಡದೆ ತಿರುವುವುದು. ಮಧ್ಯೆ ಮಧ್ಯೆ ಇನ್ನೆರಡು ಚಮಚ ತುಪ್ಪ. ಅರ್ಧ ಗಂಟೆ ಹಿಡಿಯುತ್ತದೆ, ಕೈ ನೋಯುತ್ತದೆ. ಬೆಲ್ಲ ಮಂಡ್ಯದ ಕಡೆಯ ಆಲೆಮನೆಯದಾದರೆ ಬಣ್ಣ ಕಪ್ಪಗೆ ಬರುತ್ತದೆ, ರುಚಿ ಅದರಲ್ಲೇ ಇರುವುದು. ಆದರೆ ಅಪ್ಪಟ ನಂಜನಗೂಡು ರಸಬಾಳೆ ಸಿಕ್ಕಿದ್ದರೆ ದಯವಿಟ್ಟು ಹಲ್ವಕ್ಕೆ ಹಾಕಬೇಡಿ. ಸೊರಗು ರೋಗ ಬಡಿದು ಬೆಳೆಯುವವರೇ ಕಡಿಮೆಯಾಗಿದ್ದಾರೆ. ಅದನ್ನು ಹಾಗೇ ತಿನ್ನಬೇಕು, ಬಂದ ದಿನವೇ.

ಇನ್ನು ಹಣ್ಣುಕಾಯಿ ಮಾಡಿಸಿದ ತೆಂಗಿನ ಹೋಳುಗಳು. ನಮ್ಮದು, ನಾದಿನಿಯದು, ಪಕ್ಕದ ಮನೆಯವರು ಕೊಟ್ಟು ಕಳಿಸಿದ್ದು ಎಲ್ಲ ಸೇರಿ ಒಮ್ಮೆ 8 ಹೋಳು ಬಂದಿದ್ದವು. ಕಣ್ಣಿರುವ ಹೋಳು ಮೊದಲು ಕೆಡುತ್ತದೆ ಅನ್ನುವುದು ಅತ್ತೆಯ ಲೆಕ್ಕ, ಅದನ್ನು ಮೊದಲು ಚಟ್ನಿಗೆ ತೆಗೆಯುತ್ತೇವೆ. ಎರಡು ಹೋಳು ತುರಿದು ಫ್ರೀಜರಿಗೆ. ಉಳಿದದ್ದು ಬಿಸಿಲಿಗೆ. ಬೇಸಿಗೆಯ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಒಣಗಿ ಚಿಪ್ಪು ಬಿಡುತ್ತದೆ, ಚಟ್ನಿಪುಡಿಗೆ ಆಗುತ್ತದೆ. ಸಂಜೆ ಒಳಗೆ ತರಬೇಕು, ಇಬ್ಬನಿ ಬಿದ್ದರೆ ಬೂಸ್ಟು. ಬೂಸ್ಟು ಬಂದದ್ದನ್ನು ಕೆರೆದು ಬಳಸುವುದನ್ನು ನಾನು ಬಿಟ್ಟಿದ್ದೇನೆ. ಕಮಟು ವಾಸನೆ ಬಂದರೂ ಅಷ್ಟೇ, ಗಿಡದ ಬುಡಕ್ಕೆ. ಈ ವಿಷಯದಲ್ಲಿ ಅತ್ತೆಗೂ ನನಗೂ ಇನ್ನೂ ರಾಜಿಯಾಗಿಲ್ಲ.

ಕಡ್ಲೆಪುರಿ ಮೆತ್ತಗಾಯಿತು ಅಂತ ಎಸೆಯುವವರನ್ನು ನೋಡಿದರೆ ನನಗೆ ಬೇಜಾರು. ಅದು ಕೆಟ್ಟಿರುವುದಿಲ್ಲ, ಗಾಳಿಯ ತೇವ ಎಳೆದುಕೊಂಡಿರುತ್ತದೆ ಅಷ್ಟೇ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಕೈಯಾಡಿಸಿದರೆ ಮತ್ತೆ ಗರಿಗರಿ. ಬೆಳ್ಳುಳ್ಳಿ ಜಜ್ಜಿ ಹಾಕಿ, ಕರಿಬೇವು, ಹುರಿಗಡಲೆ, ಒಣಮೆಣಸಿನಕಾಯಿ, ಚಿಟಿಕೆ ಅರಿಶಿನದ ಒಗ್ಗರಣೆ ಕೊಟ್ಟು ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಹದಿನೈದು ದಿನ ಸಂಜೆ ಕಾಫಿ ಜೊತೆಗೆ ಆಯಿತು. ಬಿಸಿ ಇರುವಾಗಲೇ ತುಂಬಿದರೆ ಬೆವತು ಮತ್ತೆ ಮೆತ್ತಗಾಗುತ್ತದೆ. ಅದರ ಜೊತೆ ಬಂದ ಕಡಲೆಕಾಯಿ ಬೀಜದಲ್ಲಿ ಮುಗ್ಗಿದ್ದು ಕಂಡರೆ ಮಾತ್ರ ಆರಿಸಿ ಎಸೆಯಿರಿ. ಬೆಂಡು ಬತ್ತಾಸು ಮಕ್ಕಳು ಮೊದಲ ದಿನ ಬಿಟ್ಟರೆ ಮುಟ್ಟುವುದಿಲ್ಲ. ಇರುವುದೆಲ್ಲ ಸಕ್ಕರೆ ತಾನೆ, ಕುಟ್ಟಿ ಡಬ್ಬಿಗೆ ಹಾಕುತ್ತೇನೆ, ಪಾಯಸಕ್ಕೆ ಹೋಗುತ್ತದೆ.

ಅತ್ತೆಯ ಊರಿನ ಹಬ್ಬದಲ್ಲಿ ಲೆಕ್ಕವೇ ಬೇರೆ. ಅಲ್ಲಿ ನೆಂಟರಿಗೆ ಕಡಿಮೆ ಬೀಳಬಾರದು ಅಂತ ಬೇಯಿಸುತ್ತಾರೆ, ಕಡಿಮೆ ಮಾಡಿ ಅಂತ ಹೇಳಲು ನನಗೆ ಬಾಯಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ ಆ ರಾತ್ರಿಯೇ ಫ್ರಿಡ್ಜಿಗೆ ಸೇರಿಸುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಅದಕ್ಕೆ ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ರುಬ್ಬಿ, ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇಡುತ್ತೇವೆ. ಅತ್ತೆ ಕೋಲು ಹಿಡಿದು ಕಾಗೆ ಕಾಯುತ್ತಾರೆ. ಮೂರು ದಿನ ಒಣಗಿದರೆ ವರ್ಷಕ್ಕಾಗುವಷ್ಟು ಸಂಡಿಗೆ. ಬ್ಯಾಸಿಲಸ್ ವಿಷಯ ನಾನು ಮತ್ತೆ ಎತ್ತಿಲ್ಲ. ಆದರೆ ಹೋದ ಸಲ ಅನ್ನ ಫ್ರಿಡ್ಜಿಗೆ ಹೋಯಿತಾ ಅಂತ ಮೊದಲು ಕೇಳಿದ್ದು ಅವರೇ.

ಉಳಿದ ದಿನಗಳಿಗೆ ಫ್ರಿಡ್ಜಿನಲ್ಲಿ ಕಣ್ಣಿಗೆ ನೇರವಾಗಿ ಕಾಣುವ ಕಡೆ ಒಂದು ಸ್ಟೀಲ್ ತಟ್ಟೆ ಇಟ್ಟಿದ್ದೇನೆ. ಬೇಗ ಮುಗಿಸಬೇಕಾದ್ದೆಲ್ಲ ಅದರ ಮೇಲೆ. ಮಗಳು ಅದಕ್ಕೆ "ಅವಸರದ ತಟ್ಟೆ" ಅಂತ ಹೆಸರಿಟ್ಟಿದ್ದಾಳೆ. ತರಕಾರಿ ಹೆಚ್ಚಲು ಕೂರುವ ಮೊದಲು ಅದನ್ನು ಒಮ್ಮೆ ನೋಡುವುದು. ಸುಮ್ನೆ ಇಷ್ಟು ಮಾಡಿದ್ದಕ್ಕೇ ಹಿಂದಿನ ಮೂಲೆಯಲ್ಲಿ ಸೌತೆಕಾಯಿ ಕರಗಿ ನೀರಾಗುವುದು ನಿಂತಿದೆ.

ಈ ಭಾನುವಾರ ವಸ್ತುಪ್ರದರ್ಶನಕ್ಕೆ ಹೋಗೋಣ ಅಂತ ಮಗ ಆಗಲೇ ಶುರು ಮಾಡಿದ್ದಾನೆ. ತಟ್ಟೆಯ ಮೇಲೆ ಈಗ ಅರ್ಧ ಎಲೆಕೋಸು, ಒಂದು ಬಟ್ಟಲು ಬೀನ್ಸ್ ಪಲ್ಯ, ಬಾಡುತ್ತಿರುವ ಸಬ್ಬಸಿಗೆ ಸೊಪ್ಪು. ಶನಿವಾರ ರಾತ್ರಿ ರೊಟ್ಟಿ.