ಬೀಗದ ಕೈ ಗೊಂಚಲಿಗೊಂದು ಚಾಕು

ಮಂಡ್ಯದಲ್ಲಿ ನನ್ನದೊಂದು ಲೇಖನ ಸಾಮಗ್ರಿಯ ಸಣ್ಣ ಅಂಗಡಿಯಿದೆ. ವಾರಕ್ಕೊಮ್ಮೆ ಮೈಸೂರಿನ ಸಂತೇಪೇಟೆಗೆ ಹೋಗಿ ಸರಕು ತರುವುದು, ಉಳಿದ ದಿನಗಳಲ್ಲಿ ಬಂದ ಪಾರ್ಸೆಲ್‌ಗಳನ್ನು ಬಿಚ್ಚುವುದು, ನೋಟ್‌ಬುಕ್ ಕಟ್ಟುಗಳಿಗೆ ಬಿಗಿದ ಹುರಿಯನ್ನು ಕತ್ತರಿಸುವುದು ನನ್ನ ದಿನಚರಿ. ಬಹಳ ವರ್ಷ ಈ ಕೆಲಸವನ್ನೆಲ್ಲ ಷಟರಿನ ಬೀಗದ ಕೈಯಿಂದಲೇ ಮಾಡುತ್ತಿದ್ದೆ. ಟೇಪಿನ ಅಂಟು ಕೀಯ ಹಲ್ಲುಗಳಿಗೆ ಮೆತ್ತಿ, ಅದರ ಮೇಲೆ ಧೂಳು ಕೂತು, ಒಂದು ರಾತ್ರಿ ಬೀಗವೇ ತಿರುಗದೆ ಹೋದ ಮೇಲೆ, ಗೊಂಚಲಿನಲ್ಲಿ ಒಂದು ಮಡಚುವ ಚಾಕು ಇರಲೇಬೇಕೆಂದು ತೀರ್ಮಾನಿಸಿದೆ.

ಮೊದಲು ಕೊಂಡದ್ದು ನೋಟಕ್ಕೆ ಮರುಳಾಗಿ. ಕಪ್ಪು ಹಿಡಿ, ದಪ್ಪ ಅಲಗು, ಹೆಬ್ಬೆರಳಿನಿಂದ ಒತ್ತಿದರೆ ಒಂದೇ ಕೈಯಲ್ಲಿ ತೆರೆದುಕೊಳ್ಳುವ ಗುಬುಟು. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಎಂಬತ್ತೈದು ಗ್ರಾಂ. ನನ್ನ ಬೀಗದ ಕೈಗಳೆಲ್ಲ ಸೇರಿದರೂ ಅಷ್ಟಿರಲಿಲ್ಲ. ಸ್ಕೂಟರಿನಲ್ಲಿ ಹೋಗುವಾಗ ಪ್ರತಿ ಗುಂಡಿಗೂ ಅದು ಮುಂಭಾಗದ ಫಲಕಕ್ಕೆ ಬಡಿಯುತ್ತಿತ್ತು, ಆ ಭಾರವೆಲ್ಲ ಇಗ್ನಿಷನ್ ಬೀಗಕ್ಕೆ ಜೋತುಬೀಳುತ್ತಿತ್ತು. ಸುಲಭವಾಗಿ ತೆರೆಯಲೆಂದು ಇಟ್ಟಿದ್ದ ಆ ಗುಬುಟೇ ಒಂದು ದಿನ ಜೇಬಿನೊಳಗೆ ಕರವಸ್ತ್ರಕ್ಕೆ ಸಿಕ್ಕಿ ಅಲಗನ್ನು ಅರ್ಧ ತೆರೆದಿಟ್ಟಿತ್ತು. ಬೀಗದ ಕೈ ತೆಗೆಯಲು ಹೋದ ನನ್ನ ತೋರುಬೆರಳು ಅದಕ್ಕೆ ಸಿಕ್ಕಿತು. ಗಾಯ ದೊಡ್ಡದಲ್ಲ, ಆದರೆ ಗೊಂಚಲಿಗೆ ಹಾಕುವ ಚಾಕು ತಾನಾಗಿ ತೆರೆದುಕೊಳ್ಳದಂತಿರುವುದು, ಬೇಗ ತೆರೆದುಕೊಳ್ಳುವುದಕ್ಕಿಂತ ಎಷ್ಟೋ ಮುಖ್ಯವೆಂಬುದು ಅಂದೇ ಖಚಿತವಾಯಿತು.

ಎರಡನೆಯದನ್ನು ಕೊಳ್ಳುವ ಮೊದಲು, ಹದಿನೈದು ದಿನ ನಾನು ಏನೇನನ್ನು ಕತ್ತರಿಸುತ್ತೇನೆಂದು ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಟೇಪು ಎಲ್ಲಕ್ಕಿಂತ ಹೆಚ್ಚು. ಆಮೇಲೆ ಸಣಬಿನ ಹುರಿ, ಪ್ಲಾಸ್ಟಿಕ್ ಪಟ್ಟಿ, ಅಂಗಿಯ ಸಡಿಲ ದಾರ, ಮಾತ್ರೆಯ ಪಟ್ಟಿ, ಹಾಲಿನ ಪ್ಯಾಕೆಟ್, ಮುರಿದ ಉಗುರು, ಒಮ್ಮೆ ಸೀಬೆಹಣ್ಣು. ಇವುಗಳಲ್ಲಿ ಯಾವುದಕ್ಕೂ ನಾಲ್ಕು ಸೆಂಟಿಮೀಟರಿಗಿಂತ ಉದ್ದದ ಅಲಗು ಬೇಕಿರಲಿಲ್ಲ, ಮತ್ತು ಸುಮಾರು ಅರ್ಧದಷ್ಟು ಕೆಲಸಗಳು ಚಾಕುವಿಗಿಂತ ಕತ್ತರಿಗೇ ಒಪ್ಪುವಂಥವು. ಈ ಪಟ್ಟಿಯನ್ನು ಮಾಡದೆ ಹೋಗಿದ್ದರೆ ಮತ್ತೆ ದಪ್ಪ ಅಲಗಿನದನ್ನೇ ಕೊಳ್ಳುತ್ತಿದ್ದೆ.

ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದೆ. ಅಲ್ಲಿ ಮೊದಲು ಕೈಗೆ ಬಂದದ್ದು ಕೀಯ ಆಕಾರದ ಪುಟ್ಟ ಚಾಕು. ಹಗುರ, ಚೆಂದ, ಆದರೆ ಅದರ ಕೀಲಿನಲ್ಲಿ ಸ್ಪ್ರಿಂಗೇ ಇಲ್ಲ. ಅಲಗನ್ನು ಹಿಡಿದಿಡುವುದು ಬರೀ ಸ್ಕ್ರೂವಿನ ಬಿಗಿ. ಸ್ಕ್ರೂ ಸಡಿಲವಾದ ದಿನ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುಗಳಲ್ಲಿಯೂ ಅಲಗನ್ನು ಹಿಡಿದಿಡುವುದು ಮರದ ಹಿಡಿಯ ಘರ್ಷಣೆಯೇ. ದೊಡ್ಡವುಗಳಿಗೆ ಭದ್ರತೆಗಾಗಿ ಒಂದು ತಿರುಗುವ ಉಂಗುರವಿದೆ, ಗೊಂಚಲಿಗೆ ಹಾಕುವಂಥ ಮೂರೂವರೆ ಸೆಂಟಿಮೀಟರ್ ಅಲಗಿನದಕ್ಕೆ ಅದೂ ಇಲ್ಲ. ಸ್ನೇಹಿತರೊಬ್ಬರ ಬಳಿಯಿದ್ದ ಅಂಥದೊಂದು ಮಳೆಗಾಲದಲ್ಲಿ ಮರ ಉಬ್ಬಿ ಉಗುರಿಗೆ ಜಗ್ಗುತ್ತಿರಲಿಲ್ಲ, ಬೇಸಿಗೆಯಲ್ಲಿ ಅದೇ ಚಾಕು ಲೊಡಲೊಡ ಎನ್ನುತ್ತಿತ್ತು. ಹಾಗಾಗಿ ಅದನ್ನೂ ಬಿಟ್ಟೆ.

ಕೊನೆಗೆ ಆರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ, ಐವತ್ತೆಂಟು ಮಿಲಿಮೀಟರ್ ಉದ್ದದ ಕ್ಲಾಸಿಕ್ ಎಂಬ ಚಾಕು. ಮಡಚಿದಾಗ ಕಿರುಬೆರಳಿನಷ್ಟು, ತೂಕ ಇಪ್ಪತ್ತೆರಡು ಗ್ರಾಂ ಆಸುಪಾಸು. ಒಂದು ಅಲಗು, ಒಂದು ಪುಟ್ಟ ಕತ್ತರಿ, ತುದಿಯಲ್ಲಿ ಸ್ಕ್ರೂಡ್ರೈವರ್ ಇರುವ ಉಗುರಿನ ಅರ, ಒಂದು ಚಿಮಟ, ಒಂದು ಹಲ್ಲುಕಡ್ಡಿ. ಇದರ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿಯಿದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಅದು ಸದಾ ಒತ್ತುತ್ತಿರುವುದರಿಂದ ಮುಚ್ಚಿದ ಅಲಗು ಮುಚ್ಚಿಯೇ, ತೆರೆದದ್ದು ತೆರೆದೇ ನಿಲ್ಲುತ್ತದೆ. ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ ಎರಡು ಕೈಯಿಂದ ಎಳೆದರೆ ಮಾತ್ರ ತೆರೆಯುತ್ತದೆ. ಆದರೆ ಇದಕ್ಕೆ ಲಾಕ್ ಇಲ್ಲವೆಂಬುದನ್ನು ಮರೆಯಬಾರದು: ತುದಿಯಿಂದ ಚುಚ್ಚುವ, ಬೆನ್ನಿನ ಮೇಲೆ ಭಾರ ಹಾಕುವ ಕೆಲಸಕ್ಕೆ ಇದನ್ನು ಹಚ್ಚಿದರೆ ಬೆರಳಿಗೆ ಅಪಾಯ. ಎಳೆದು ಕೊಯ್ಯುವುದಕ್ಕೆ ಮಾತ್ರ ಇದು.

ಅಂಗಡಿಯಲ್ಲಿ ನಾನು ನೋಡಿದ ಕ್ರಮವನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಮಾದರಿಯ ನಕಲುಗಳು ಎಲ್ಲೆಡೆ ಸಿಗುತ್ತವೆ. ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು ಪದರಗಳ ನಡುವೆ ಬೆಳಕು ತೂರುತ್ತದೆಯೇ ನೋಡಿದೆ. ಅಲಗನ್ನು ತೆರೆದು ಪಕ್ಕಕ್ಕೆ ಅಲುಗಾಡಿಸಿದೆ. ಮುಚ್ಚುವಾಗ ಟಕ್ಕೆಂದು ಕೂರುತ್ತದೆಯೇ ಎಂದು ಕಿವಿಗೊಟ್ಟೆ. ಕತ್ತರಿಯಿಂದ ಒಂದು ಎಳೆ ದಾರವನ್ನು ತುದಿಯಲ್ಲೇ ಕತ್ತರಿಸಿದೆ. ಕೆಟ್ಟ ಕತ್ತರಿ ದಾರವನ್ನು ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ. ಕೊನೆಗೆ ಉಂಗುರದ ಕೊಂಡಿಯನ್ನು ನೋಡಿದೆ. ಅದು ಕಳಚಿದರೆ ಚಾಕುವೇ ಕಳೆದಂತೆ.

ಅಲಗಿನ ಬುಡದಲ್ಲಿದ್ದ ಹೆಸರನ್ನು ತೋರಿಸಿ, ಉಕ್ಕಿನ ಗುಣ ಹೆಸರಿನಲ್ಲೇ ಇದೆಯೆಂದರು ಅಂಗಡಿಯವರು. ಅದು ನಿಜವೇ. 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸೆನರ್ ತನ್ನ ಸರಕಿಗೆ ತಾಯಿ ವಿಕ್ಟೋರಿಯಾಳ ಹೆಸರಿಟ್ಟ. 1921ರಲ್ಲಿ ಅದಕ್ಕೆ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಸೇರಿತು. ಈ ಉಕ್ಕು ಬಹಳ ಗಡಸಿನದಲ್ಲ, ಗಡಸುತನವನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ಇದಕ್ಕಿಂತ ಗಡಸಾದ ಡಿ2 ಉಕ್ಕಿನ ಚಾಕುಗಳ ಬಾಯಿ ಹೆಚ್ಚು ದಿನ ಹರಿತವಾಗಿರುತ್ತದೆ, ಆದರೆ ಮೊಂಡಾದಾಗ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಬೆವರಿಗೆ ಕಲೆಗಟ್ಟುತ್ತದೆ. ಮಂಡ್ಯದ ಬೇಸಿಗೆಯಲ್ಲಿ ಪ್ಯಾಂಟಿನ ಜೇಬಿನಲ್ಲಿ ದಿನವಿಡೀ ಬೆವರಿನೊಂದಿಗೆ ಇರುವ ವಸ್ತುವಿಗೆ, ಬೇಗ ಮೊಂಡಾದರೂ ಬೇಗ ಹರಿತವಾಗುವ, ತುಕ್ಕು ಹಿಡಿಯದ ಉಕ್ಕೇ ವಾಸಿಯೆಂದು ನನ್ನ ಅಭಿಪ್ರಾಯ.

ಹರಿತ ಮಾಡುವುದರಲ್ಲಿಯೂ ಒಮ್ಮೆ ಕೆಟ್ಟಿದ್ದೇನೆ. ಮೊದಲ ಚಾಕುವನ್ನು ಬೀದಿಯಲ್ಲಿ ಬಂದ ಸಾಣೆಯವರಿಗೆ ಕೊಟ್ಟಿದ್ದೆ. ಚಕ್ರಕ್ಕೆ ಒತ್ತಿ ಹಿಡಿದಾಗ ಬಾಯಿ ಕಾದು ನೀಲಿಗಟ್ಟಿ, ಉಕ್ಕಿನ ಹದವೇ ಹೋಯಿತು. ಮಚ್ಚು, ಕುಡುಗೋಲಿನಂಥ ದಪ್ಪ ಅಲಗುಗಳು ಆ ಶಾಖವನ್ನು ಹೀರಿಕೊಂಡಾವು, ಕಾಗದದಷ್ಟು ತೆಳ್ಳಗಿನ ಬಾಯಿಗೆ ಅದು ಸಾಧ್ಯವಿಲ್ಲ. ಈಗ ತಿಂಗಳಿಗೊಮ್ಮೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಒರಟು ಅಂಚಿಗೆ ಅಲಗನ್ನು ಸುಮಾರು ಇಪ್ಪತ್ತು ಡಿಗ್ರಿ ಓರೆಯಲ್ಲಿಟ್ಟು, ಎರಡೂ ಮಗ್ಗುಲಿಗೆ ಹತ್ತೆಂಟು ಬಾರಿ ಹಗುರವಾಗಿ ಎಳೆಯುತ್ತೇನೆ. ಟೇಪು ಕೊಯ್ಯಲು ಅಷ್ಟು ಸಾಕು. ಕೀಲಿಗೆ ಮೊದಲು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಮಾಗಿಯ ಚಳಿಗೆ ಅದು ಗಟ್ಟಿಯಾಗಿ ಅಲಗು ಬಿಗಿಯಾಗುತ್ತಿತ್ತು. ಹಣ್ಣನ್ನೂ ಕೊಯ್ಯುವುದರಿಂದ ಹೊಲಿಗೆ ಯಂತ್ರದ ಎಣ್ಣೆ ಬೇಡವೆನಿಸಿ, ಔಷಧದಂಗಡಿಯ ಲಿಕ್ವಿಡ್ ಪ್ಯಾರಾಫಿನ್‌ನ ಒಂದು ಹನಿಗೆ ಬಂದು ನಿಂತಿದ್ದೇನೆ.

ಕಾನೂನಿನ ಬಗ್ಗೆ ಗಿರಾಕಿಗಳು ಕೇಳುವುದುಂಟು. ನಮ್ಮ ಆಯುಧ ನಿಯಮಗಳು ಪರವಾನಗಿಯ ಮಾತೆತ್ತುವುದು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳಿಗೆ, ಅದರಲ್ಲಿಯೂ ಮನೆಬಳಕೆಯ ಮತ್ತು ಬೇಸಾಯದ ಉಪಕರಣಗಳನ್ನು ಹೊರತುಪಡಿಸಿ. ಆದರೆ ವಿಮಾನದ ಕೈಚೀಲದಲ್ಲಿ ಇಷ್ಟು ಚಿಕ್ಕದಕ್ಕೂ ಅವಕಾಶವಿಲ್ಲ. ಅದು ಗೊತ್ತಿದ್ದೂ ಗೊಂಚಲಿನಲ್ಲಿ ಮರೆತು ಹೋಗಿ, ತಪಾಸಣೆಯಲ್ಲಿ ನನ್ನ ಮೊದಲ ಕ್ಲಾಸಿಕ್ಕನ್ನು ಒಪ್ಪಿಸಿ ಬಂದೆ. ಈಗಿರುವುದು ಎರಡನೆಯದು, ಇದನ್ನು ನೇರವಾಗಿ ಉಂಗುರಕ್ಕೆ ಹಾಕದೆ, ಒತ್ತಿದರೆ ಕಳಚುವ ಸಣ್ಣ ಕೊಂಡಿಯೊಂದರ ಮೂಲಕ ತೂಗುಹಾಕಿದ್ದೇನೆ. ಸ್ಕೂಟರ್ ಓಡಿಸುವಾಗಲೂ ಅದನ್ನು ಕಳಚಿ ಜೇಬಿಗಿಟ್ಟರಾಯಿತು.

ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿ, ಕತ್ತರಿ, ಸ್ಟೇಪ್ಲರ್‌ಗಳ ಸಾಲಿನಲ್ಲಿ ಇದಕ್ಕೂ ಜಾಗವಿದೆ. ಮೊದಲ ವರ್ಷ ಎಲ್ಲ ಅಲಗುಗಳನ್ನೂ ಬಿಡಿಸಿಟ್ಟು ಧಾರಾಳವಾಗಿ ಕುಂಕುಮ ಹಚ್ಚಿದ್ದೆ. ಅದು ಕೀಲಿನೊಳಗೆಲ್ಲ ಇಳಿದು, ವಿಜಯದಶಮಿಯ ಬೆಳಿಗ್ಗೆ ಬಿಸಿನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಅರ್ಧ ಗಂಟೆ ಕೂರಬೇಕಾಯಿತು. ಈಗ ಮಡಚಿಯೇ ಇಡುತ್ತೇನೆ, ಕುಂಕುಮ ಹಿಡಿಗೆ ಮಾತ್ರ.